ಸರ್ ವಿಲಿಯಂ ವಾನ್‌ಲೆಸ್ (1865–1933): ಜೀವನ ಹಾಗೂ ಶಸ್ತ್ರಚಿಕಿತ್ಸಾ ತರಬೇತಿಗೆ ಸಲ್ಲಿಸಿದ ಸೇವೆ

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಹೊರವಲಯದಲ್ಲಿರುವ ಗಬ್ಬೂರ, ರಾಷ್ಟ್ರೀಯ ಹೆದ್ದಾರಿಯ ಬೈಪಾಸ್ ರಸ್ತೆ ಕವಲೊಡೆಯುವ ಸ್ಥಳವೆಂದು ಎಲ್ಲರಿಗೂ ಪರಿಚಿತವಾಗಿದೆ. ಇಲ್ಲಿಂದ ಧಾರವಾಡದ ಆಚೆಯ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ಸಾಗುವ ಈ ರಸ್ತೆಯು ಅಪಘಾತಗಳಿಗೂ ಹೆಸರಾಗಿದೆ. ಗಾಯಗೊಂಡವರನ್ನು ಹೊತ್ತ ಆಂಬುಲೆನ್ಸ್ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ತಲುಪಿದಾಗ, ಗಾಯಾಳುವನ್ನು ಮೊದಲು ಪರೀಕ್ಷಿಸುವವರು ಸಾಮಾನ್ಯವಾಗಿ ಸ್ನಾತಕೋತ್ತರ ತರಬೇತಿಯಲ್ಲಿರುವ ಕಿರಿಯ ವೈದ್ಯರು, ಅಂದರೆ ರೆಸಿಡೆಂಟ್ ವೈದ್ಯರು. ಇವರು ಇನ್ನೂ ಕಲಿಯುತ್ತಿರುವವರಲ್ಲವೇ, ನಮ್ಮ ಮನೆಯವರ ಜೀವವನ್ನು ಇವರ ಕೈಗೆ ಒಪ್ಪಿಸಬಹುದೇ ಎಂಬ ಸಂದೇಹವು ಸಂಬಂಧಿಕರ ಮನಸ್ಸಿನಲ್ಲಿ ಮೂಡುವುದು ಸಹಜ.

ಈ ಸಂದೇಹಕ್ಕೆ ಉತ್ತರವು ಆಸ್ಪತ್ರೆಯ ನಿಯಮಾವಳಿಯಲ್ಲಿ ಇರುವಷ್ಟೇ ಇತಿಹಾಸದಲ್ಲಿಯೂ ಇದೆ. ಉತ್ತರ ಕರ್ನಾಟಕದ ಜನತೆಗೆ ತಲೆಮಾರುಗಳಿಂದ ಚಿರಪರಿಚಿತವಾಗಿರುವ ಮಿರಜದ ದವಾಖಾನೆಯನ್ನು ಕಟ್ಟಿದ ಶಸ್ತ್ರವೈದ್ಯ ಸರ್ ವಿಲಿಯಂ ಜೇಮ್ಸ್ ವಾನ್‌ಲೆಸ್ ರವರ ಜೀವನವು ಆ ಉತ್ತರವನ್ನು ತಿಳಿಯಲು ನೆರವಾಗುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನವನ್ನು ಸಂಕ್ಷಿಪ್ತವಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ವಾನ್‌ಲೆಸ್ ರವರು 1865ರ ಮೇ 1ರಂದು ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದ ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ ಜನಿಸಿದರು. ವೈದ್ಯಕೀಯ ಶಿಕ್ಷಣವನ್ನು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಪಡೆದು 1889ರಲ್ಲಿ ಪದವೀಧರರಾದರು. ಅದೇ ವರ್ಷ ಪತ್ನಿ ಮೇರಿಯವರೊಡನೆ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು 24 ವರ್ಷ. ಇಂದು ಎಂ.ಎಸ್. ತರಬೇತಿಗೆ ಸೇರುವ ವೈದ್ಯರ ವಯಸ್ಸು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ ಎಂಬುದು ಗಮನಾರ್ಹ. ವ್ಯತ್ಯಾಸವೆಂದರೆ, ಈ ಯುವ ವೈದ್ಯರ ಹಿಂದೆ ನಿಂತು ಕೈ ತಿದ್ದುವ ಹಿರಿಯ ಶಸ್ತ್ರವೈದ್ಯರು ಅವರು ಸೇರಿದ ಊರಿನಲ್ಲಿ ಇರಲಿಲ್ಲ.

ಮಿರಜದಲ್ಲಿ ಆಸ್ಪತ್ರೆಯ ಸ್ಥಾಪನೆ

ವಾನ್‌ಲೆಸ್ ದಂಪತಿಗಳು ಮೊದಲು ಸಾಂಗಲಿಯಲ್ಲಿ ನೆಲೆಸಿ, ಕೆಲವೇ ವರ್ಷಗಳಲ್ಲಿ ನೆರೆಯ ಮಿರಜಕ್ಕೆ ಬಂದರು. ಸಾಂಗಲಿ ಮತ್ತು ಮಿರಜ ಆಗ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. ಮಿರಜವು ಮರಾಠಿ ಮತ್ತು ಕನ್ನಡ ಸೀಮೆಗಳು ಕೂಡುವ ಪ್ರದೇಶದಲ್ಲಿದ್ದು, ರೈಲು ಮಾರ್ಗದ ಪ್ರಮುಖ ನಿಲ್ದಾಣವೂ ಆಗಿತ್ತು. ಸುಮಾರು 1890ರ ಹೊತ್ತಿಗೆ ದಕ್ಷಿಣ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿಯು ಪುಣೆ, ಮಿರಜ, ಬೆಳಗಾವಿ, ಲೋಂಡಾ, ಧಾರವಾಡ ಮತ್ತು ಹುಬ್ಬಳ್ಳಿಗಳನ್ನು ಒಂದಕ್ಕೊಂದು ಜೋಡಿಸಿತ್ತು. ಆದ್ದರಿಂದ ಧಾರವಾಡ, ಬೆಳಗಾವಿ ಭಾಗದ ರೋಗಿಗಳು ರೈಲಿನಲ್ಲಿ ಮಿರಜವನ್ನು ತಲುಪುವುದು ಸಾಧ್ಯವಾಯಿತು.

ಅಮೆರಿಕದ ಫಿಲಡೆಲ್ಫಿಯಾ ನಗರದ ಉದ್ಯಮಿ ಜಾನ್ ಕಾನ್ವರ್ಸ್ ರವರ ದೇಣಿಗೆಯಿಂದ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯು ಪ್ರಾರಂಭವಾಯಿತು. ಕಾನ್ವರ್ಸ್ ರವರು ರೈಲು ಎಂಜಿನ್ನುಗಳನ್ನು ತಯಾರಿಸುವ ಬಾಲ್ಡ್‌ವಿನ್ ಕಾರ್ಖಾನೆಯ ಪಾಲುದಾರರಾಗಿದ್ದರು.

ಅಂದಿನ ಪರಿಸ್ಥಿತಿಯನ್ನು ಇಲ್ಲಿ ಸ್ಮರಿಸುವುದು ಅವಶ್ಯಕ. ಮುಂಬಯಿ ಪ್ರಾಂತ್ಯದಲ್ಲಿ 1845ರಲ್ಲಿ ಸ್ಥಾಪನೆಯಾದ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಮುಂಬಯಿ ನಗರದಲ್ಲಿತ್ತು. ಧಾರವಾಡ ಜಿಲ್ಲೆಯಲ್ಲಿ ವೈದ್ಯಕೀಯ ಪದವಿ ಕಾಲೇಜು ಇರಲಿಲ್ಲ. ಕಣ್ಣಿನ ಪೊರೆಯಿಂದ ದೃಷ್ಟಿ ಕಳೆದುಕೊಂಡವರು, ಮೂತ್ರಕೋಶದ ಕಲ್ಲಿನಿಂದ ನರಳುವವರು, ಗಡ್ಡೆಗಳಿಂದ ಬಳಲುವವರು ನೋವನ್ನು ಸಹಿಸಿಕೊಂಡೇ ದಿನ ದೂಡುತ್ತಿದ್ದರು. ಇಂತಹವರಿಗೆ ಮಿರಜದ ಆಸ್ಪತ್ರೆಯು ಆಸರೆಯಾಯಿತು. ವಾನ್‌ಲೆಸ್ ರವರ ಕೈಗುಣದ ಮಾತು ಊರಿಂದೂರಿಗೆ ಹಬ್ಬಿತು. ಮಿರಜಕ್ಕೆ ಒಯ್ಯಿರಿ ಎನ್ನುವುದು ಗಡಿಭಾಗದ ಹಳ್ಳಿಗಳಲ್ಲಿ ಕೊನೆಯ ಭರವಸೆಯ ಮಾತಾಗಿ ಬಳಕೆಗೆ ಬಂತು.

ಒಬ್ಬರ ಕೈಯಿಂದ ಆಗದ ಕೆಲಸ

ಶಸ್ತ್ರಚಿಕಿತ್ಸೆಯು ಏಕಾಂಗಿಯಾಗಿ ಮಾಡುವ ಕೆಲಸವಲ್ಲ. ಒಬ್ಬರು ರೋಗಿಗೆ ಕ್ಲೋರೋಫಾರ್ಮ್ ನೀಡಿ ಉಸಿರಾಟವನ್ನು ಗಮನಿಸುತ್ತಿರಬೇಕು. ಒಬ್ಬರು ಗಾಯದ ಅಂಚನ್ನು ಹಿಡಿದು ರಕ್ತವನ್ನು ಒರೆಸಬೇಕು. ಉಪಕರಣಗಳನ್ನು ಕುದಿಸಿ ಶುದ್ಧಗೊಳಿಸುವವರು ಬೇಕು. ಚಿಕಿತ್ಸೆಯ ನಂತರ ಹಗಲಿರುಳು ವಾರ್ಡಿನಲ್ಲಿದ್ದು ಜ್ವರ, ನಾಡಿ ಹಾಗೂ ಗಾಯದ ಸ್ಥಿತಿಯನ್ನು ನೋಡಿಕೊಳ್ಳುವವರೂ ಬೇಕು. ಇವರಲ್ಲಿ ಒಬ್ಬರು ತಪ್ಪಿದರೂ ಶಸ್ತ್ರವೈದ್ಯರ ಕೌಶಲ್ಯವು ವ್ಯರ್ಥವಾಗುತ್ತದೆ. ಇದಲ್ಲದೆ, ಏಕೈಕ ಶಸ್ತ್ರವೈದ್ಯರು ಕಾಯಿಲೆ ಬಿದ್ದರೆ ಅಥವಾ ರಜೆಯ ಮೇಲೆ ತೆರಳಿದರೆ ಆಸ್ಪತ್ರೆಯ ಬಾಗಿಲೇ ಮುಚ್ಚಬೇಕಾಗುತ್ತದೆ.

ವಾನ್‌ಲೆಸ್ ರವರು 1897ರಲ್ಲಿ ಆಸ್ಪತ್ರೆಗೆ ಹೊಂದಿಕೊಂಡಂತೆ ವೈದ್ಯಕೀಯ ಶಾಲೆಯೊಂದನ್ನು ಪ್ರಾರಂಭಿಸಿದರು. ಇಲ್ಲಿ ತರಬೇತಿ ಪಡೆದ ಭಾರತೀಯ ಯುವಕರು ಮಿರಜದಲ್ಲಿಯೂ, ಇತರ ಊರುಗಳ ಮಿಷನ್ ಆಸ್ಪತ್ರೆಗಳಲ್ಲಿಯೂ ಸೇವೆ ಸಲ್ಲಿಸಿದರು. ಆಸ್ಪತ್ರೆ ಹಾಗೂ ಶಾಲೆ ಒಂದೇ ಆವರಣದಲ್ಲಿದ್ದುದರಿಂದ ಪುಸ್ತಕದ ಪಾಠ ಮತ್ತು ವಾರ್ಡಿನ ಪಾಠ ಜೊತೆಜೊತೆಯಾಗಿ ಸಾಗುವುದು ಸಾಧ್ಯವಿತ್ತು. ಆಸ್ಪತ್ರೆ ಪ್ರಾರಂಭವಾದ ಮೂರೇ ವರ್ಷಗಳಲ್ಲಿ, ರೋಗಿಗಳ ದಟ್ಟಣೆಯ ನಡುವೆಯೂ ಬೋಧನೆಗೆ ಸಮಯವನ್ನು ಮೀಸಲಿಟ್ಟಿದ್ದು ಅವರ ಜೀವನದ ಅತ್ಯಂತ ಮಹತ್ವದ ನಿರ್ಧಾರವೆಂದು ಹೇಳಬಹುದು. ಕಲಿಸಲು ಕಳೆದ ಗಂಟೆಯಲ್ಲಿ ಇನ್ನೊಬ್ಬ ರೋಗಿಯನ್ನು ತಾವೇ ನೋಡಬಹುದಿತ್ತು. ಆದರೆ ಕಲಿತ ಶಿಷ್ಯರು ಮುಂದೆ ನೋಡಲಿರುವ ರೋಗಿಗಳ ಸಂಖ್ಯೆಗೆ ಮಿತಿಯಿರಲಿಲ್ಲ.

ಅದೇ ಕಾಲದಲ್ಲಿ ಬಾಲ್ಟಿಮೋರಿನಲ್ಲಿ

ವಾನ್‌ಲೆಸ್ ರವರು ಪದವಿ ಪಡೆದ 1889ರಲ್ಲಿಯೇ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ತೆರೆಯಿತು. ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದ ವಿಲಿಯಂ ಹಾಲ್‌ಸ್ಟೆಡ್ (1852–1922) ರವರು ರೆಸಿಡೆಂಟ್ ತರಬೇತಿ ಪದ್ಧತಿಗೆ ಸ್ಪಷ್ಟ ರೂಪ ನೀಡಿದರು. ತರಬೇತಿಯಲ್ಲಿರುವ ವೈದ್ಯರು ಆಸ್ಪತ್ರೆಯಲ್ಲಿಯೇ ವಾಸ ಮಾಡುತ್ತಿದ್ದುದರಿಂದ ಅವರಿಗೆ ರೆಸಿಡೆಂಟ್, ಅಂದರೆ ನಿವಾಸಿ ಎಂಬ ಹೆಸರು ಬಂದಿತು. ಮೊದಲು ನೋಡುವುದು, ನಂತರ ಸಹಾಯ ಮಾಡುವುದು, ತದನಂತರ ಹಿರಿಯರ ಎದುರಿನಲ್ಲಿ ತಾನೇ ಮಾಡುವುದು, ಕೊನೆಯಲ್ಲಿ ಸ್ವತಂತ್ರವಾಗಿ ನಿರ್ವಹಿಸುವುದು, ಹೀಗೆ ಹೊಣೆಯು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುವುದೇ ಈ ಪದ್ಧತಿಯ ತಿರುಳು.

ಶಸ್ತ್ರಚಿಕಿತ್ಸೆಯ ಹಲವು ಉಪಶಾಖೆಗಳು ಬೆಳೆದು ಬಂದಿದ್ದು ಇದೇ ಪದ್ಧತಿಯಿಂದ. ಹಾಲ್‌ಸ್ಟೆಡ್ ರವರ ಬಳಿ ಪಳಗಿದವರಲ್ಲಿ ಹಾರ್ವೆ ಕುಶಿಂಗ್ ರವರು ಮಿದುಳಿನ ಶಸ್ತ್ರಚಿಕಿತ್ಸೆಯನ್ನೂ, ಹ್ಯೂ ಯಂಗ್ ರವರು ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯನ್ನೂ, ಸ್ಯಾಮ್ಯುಯೆಲ್ ಕ್ರೋವ್ ರವರು ಕಿವಿ, ಮೂಗು, ಗಂಟಲಿನ ಚಿಕಿತ್ಸೆಯನ್ನೂ, ವಿಲಿಯಂ ಬೇರ್ ರವರು ಮೂಳೆ ಮತ್ತು ಕೀಲುಗಳ ಚಿಕಿತ್ಸೆಯನ್ನೂ ಬೆಳೆಸಿದರು. ಬಾಲ್ಟಿಮೋರಿನಲ್ಲಿ ವೈದ್ಯರ ಸಂಖ್ಯೆ ಸಾಕಷ್ಟಿದ್ದುದರಿಂದ ಒಬ್ಬೊಬ್ಬರು ಒಂದೊಂದು ಅಂಗವನ್ನು ಆರಿಸಿಕೊಳ್ಳಲು ಅವಕಾಶವಿತ್ತು. ಮಿರಜದಂತಹ ಊರಿನ ಶಸ್ತ್ರವೈದ್ಯರು ಕಣ್ಣಿನಿಂದ ಹಿಡಿದು ಮೂಳೆಯವರೆಗೆ ಎಲ್ಲವನ್ನೂ ತಾವೇ ನೋಡಬೇಕಿತ್ತು. ಆದರೂ ಎರಡೂ ಕಡೆ ಕೈಗೊಂಡ ಮಾರ್ಗ ಒಂದೇ ಆಗಿತ್ತು: ರೋಗಿಯ ಪಕ್ಕದಲ್ಲಿ, ಗುರುವಿನ ಕಣ್ಣೆದುರಿನಲ್ಲಿ ಕಲಿಯುವುದು.

ಈ ತತ್ವವು ನಮ್ಮ ನಾಡಿಗೂ ಹೊಸದಲ್ಲ. ಪ್ರಾಚೀನ ಸುಶ್ರುತ ಸಂಹಿತೆಯು ಶಿಷ್ಯನು ಮೊದಲು ಕುಂಬಳ, ಸೋರೆ ಮುಂತಾದ ಕಾಯಿಗಳ ಮೇಲೆ ಕತ್ತರಿಸುವ ಅಭ್ಯಾಸ ಮಾಡಬೇಕೆಂದು ವಿಧಿಸುತ್ತದೆ.

ವಿಸ್ತರಣೆ, ಗೌರವ ಮತ್ತು ನಿಧನ

ಮುಂದಿನ ವರ್ಷಗಳಲ್ಲಿ ವಾನ್‌ಲೆಸ್ ರವರ ಸೇವೆಯು ಹಲವು ಕವಲುಗಳಲ್ಲಿ ವಿಸ್ತರಿಸಿತು. ಕುಷ್ಠರೋಗಿಗಳ ಆಶ್ರಯಧಾಮ ಹಾಗೂ ಕ್ಷಯರೋಗಿಗಳ ಆರೋಗ್ಯಧಾಮ ಸ್ಥಾಪನೆಯಾದವು. ಕ್ಷಯರೋಗ ಆಸ್ಪತ್ರೆಯಿದ್ದ ಪ್ರದೇಶವು ಅವರ ಹೆಸರಿನಿಂದಲೇ ವಾನ್‌ಲೆಸ್‌ವಾಡಿ ಎಂದು ಪ್ರಸಿದ್ಧವಾಯಿತು. ಅಗಲಿದ ಪತ್ನಿ ಮೇರಿಯವರ ನೆನಪಿನಲ್ಲಿ ಕೊಲ್ಲಾಪುರದಲ್ಲಿ ಮೇರಿ ವಾನ್‌ಲೆಸ್ ಆಸ್ಪತ್ರೆಯು ತಲೆಯೆತ್ತಿತು. ಬ್ರಿಟಿಷ್ ಸರ್ಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನೂ, 1928ರಲ್ಲಿ ಸರ್ ಪದವಿಯನ್ನೂ ನೀಡಿ ಗೌರವಿಸಿತು.

ಸುಮಾರು ನಾಲ್ಕು ದಶಕಗಳ ಸೇವೆಯ ನಂತರ 1928ರಲ್ಲಿ ನಿವೃತ್ತರಾಗಿ ಅಮೆರಿಕಕ್ಕೆ ತೆರಳಿದ ವಾನ್‌ಲೆಸ್ ರವರು, 1933ರ ಮಾರ್ಚ್ 3ರಂದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಎಂಬಲ್ಲಿ ನಿಧನ ಹೊಂದಿದರು. ಅವರು ತೆರಳಿದ ಮೇಲೂ ಮಿರಜದ ಆಸ್ಪತ್ರೆಯ ಬಾಗಿಲು ಮುಚ್ಚಲಿಲ್ಲ. ಸಹೋದ್ಯೋಗಿ ಡಾ. ಚಾರ್ಲ್ಸ್ ವೇಲ್ ಮುಂತಾದವರು ಕಾರ್ಯವನ್ನು ಮುಂದುವರಿಸಿದರು. 1962ರಲ್ಲಿ ಮಿರಜದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾದಾಗ ವಾನ್‌ಲೆಸ್ ಆಸ್ಪತ್ರೆಯು ಅದರ ವಿದ್ಯಾರ್ಥಿಗಳ ತರಬೇತಿಗೆ ನೆರವಾಯಿತು.

ಹುಬ್ಬಳ್ಳಿಯಲ್ಲಿ ಬೋಧನಾ ಆಸ್ಪತ್ರೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹುಬ್ಬಳ್ಳಿಯು ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣದ ಮರುವರ್ಷವೇ, ಅಂದರೆ 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಜನರು ಇದನ್ನು ಮೊದಲು ಕೆ.ಎಂ.ಸಿ. ಎಂದೂ, ನಂತರ ಕಿಮ್ಸ್ ಎಂದೂ ಕರೆಯುತ್ತ ಬಂದರು. ಹಿಂದೆ ರೈಲು ಹತ್ತಿ ಮಿರಜಕ್ಕೆ ಹೋಗಬೇಕಿದ್ದ ಗಬ್ಬೂರಿನ ರೋಗಿಗೆ ಈಗ ನಗರದೊಳಗೇ ಶಸ್ತ್ರಚಿಕಿತ್ಸೆಯ ಸೌಲಭ್ಯ ದೊರೆಯುತ್ತಿದೆ. ಅದರ ಜೊತೆಗೆ, ಈ ಭಾಗದ ಮಕ್ಕಳು ಇಲ್ಲಿಯೇ ಕಲಿತು ಶಸ್ತ್ರವೈದ್ಯರಾಗುವ ಅವಕಾಶವೂ ದೊರೆಯಿತು.

ಪ್ರಸ್ತುತ ಜಾರಿಯಲ್ಲಿರುವ ಪದ್ಧತಿಯಂತೆ, ಎಂ.ಬಿ.ಬಿ.ಎಸ್. ಪದವಿ ಹಾಗೂ ಇಂಟರ್ನ್‌ಶಿಪ್ ಮುಗಿಸಿ ನೋಂದಣಿ ಪಡೆದವರು ಪ್ರವೇಶ ಪರೀಕ್ಷೆಯ ಮೂಲಕ ಸ್ನಾತಕೋತ್ತರ ತರಬೇತಿಗೆ ಸೇರುತ್ತಾರೆ. ಸಾಮಾನ್ಯ ಶಸ್ತ್ರಚಿಕಿತ್ಸೆ, ಮೂಳೆ ಮತ್ತು ಕೀಲು, ಕಣ್ಣು, ಕಿವಿ-ಮೂಗು-ಗಂಟಲು, ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗಗಳಲ್ಲಿ ಎಂ.ಎಸ್. ತರಬೇತಿಯ ಅವಧಿ ಮೂರು ವರ್ಷ. ಮಿದುಳು ಮತ್ತು ನರ, ಮೂತ್ರಾಂಗ, ಹೃದಯ, ಮಕ್ಕಳ ಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ ಮುಂತಾದ ಉನ್ನತ ಶಾಖೆಗಳಿಗೆ ಅದರ ನಂತರ ಇನ್ನೂ ಮೂರು ವರ್ಷಗಳ ಎಂ.ಸಿಎಚ್. ತರಬೇತಿ ಇರುತ್ತದೆ. ತರಬೇತಿಯಲ್ಲಿರುವವರು ತಾವು ನೋಡಿದ, ಸಹಾಯ ಮಾಡಿದ ಮತ್ತು ಸ್ವತಃ ಮಾಡಿದ ಶಸ್ತ್ರಚಿಕಿತ್ಸೆಗಳನ್ನು ಲಾಗ್ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ತರಬೇತಿಯ ನಡುವೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುವುದೂ ಕಡ್ಡಾಯವಾಗಿದೆ.

ಸಾರ್ವಜನಿಕರ ಗಮನಕ್ಕೆ

ಬೋಧನಾ ಆಸ್ಪತ್ರೆಯಲ್ಲಿ ಸೇವೆ ಪಡೆಯುವ ನಾಗರಿಕರು ಈ ಕೆಳಗಿನ ಅಂಶಗಳನ್ನು ತಿಳಿದಿರುವುದು ಒಳಿತು.

1. ರೆಸಿಡೆಂಟ್ ವೈದ್ಯರು ಎಂ.ಬಿ.ಬಿ.ಎಸ್. ಪದವಿ ಪಡೆದು ನೋಂದಣಿಯಾದ ವೈದ್ಯರಾಗಿದ್ದು, ಘಟಕದ ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ.

2. ತಮ್ಮನ್ನು ದಾಖಲಿಸಿಕೊಂಡ ಘಟಕದ ಮುಖ್ಯಸ್ಥರು ಯಾರು, ಶಸ್ತ್ರಚಿಕಿತ್ಸೆಯನ್ನು ಯಾರು ನಡೆಸುವರು ಎಂದು ರೋಗಿಗಳು ಅಥವಾ ಸಂಬಂಧಿಕರು ಕೇಳಬಹುದು. ಹೀಗೆ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

3. ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಚಿಕಿತ್ಸೆಯ ಉದ್ದೇಶ, ಅಪಾಯ ಹಾಗೂ ಇತರ ಮಾರ್ಗಗಳನ್ನು ತಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ಕೋರಬೇಕು.

4. ಹಿಂದಿನ ಚಿಕಿತ್ಸೆಯ ದಾಖಲೆಗಳು, ಆಧಾರ್ ಹಾಗೂ ಪಡಿತರ ಚೀಟಿಯನ್ನು ತಪ್ಪದೇ ತರುವುದರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ಪಡೆಯಲು ಅನುಕೂಲವಾಗುತ್ತದೆ.

ರಾತ್ರಿಯ ವೇಳೆ ವಾರ್ಡಿನಲ್ಲಿ ಗಾಯದ ಪಟ್ಟಿಯನ್ನು ಬಿಚ್ಚಿ ನೋಡುವ ಯುವ ವೈದ್ಯರು ಕಲಿಯುತ್ತಿರುವುದು ನಿಜ. ಅವರಿಗೆ ಕಲಿಸಿದವರೂ ಒಂದು ಕಾಲಕ್ಕೆ ಹೀಗೆಯೇ, ಯಾರೋ ಒಬ್ಬ ರೋಗಿಯ ಹಾಸಿಗೆಯ ಬಳಿ ನಿಂತು ಕಲಿತವರು. ತಾನು ಬಲ್ಲದ್ದನ್ನು ತನ್ನೊಡನೆ ಮುಗಿಯಲು ಬಿಡದ ಒಬ್ಬ ವೈದ್ಯರಿಂದ ಮಿರಜದ ದವಾಖಾನೆಯು ಅವರ ಕಾಲದ ನಂತರವೂ ಉಳಿಯಿತು. ಬೋಧನಾ ಆಸ್ಪತ್ರೆಯ ವೈದ್ಯರು ಮೇಲ್ವಿಚಾರಣೆಯ ಹೊಣೆಯನ್ನೂ, ನಾಗರಿಕರು ತಿಳಿದು ನೀಡುವ ಒಪ್ಪಿಗೆಯನ್ನೂ ಕಾಪಾಡಿಕೊಂಡಲ್ಲಿ ಈ ಪರಂಪರೆಯು ಮುಂದಿನ ತಲೆಮಾರಿನ ರೋಗಿಗಳಿಗೂ ತಲುಪುವುದು.