ಭಯದ ಬೆನ್ನು ಹತ್ತಿದ ವಿಜ್ಞಾನಿ ಡಾ. ವಾಲ್ಟರ್ ಕ್ಯಾನನ್

ಅಪರಾತ್ರಿಯಲ್ಲಿ ಫೋನು ಹೊಡೆದುಕೊಂಡರೆ ಸಾಕು, ಎತ್ತುವ ಮೊದಲೇ ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಸುದ್ದಿ ಒಳ್ಳೆಯದೋ ಕೆಟ್ಟದೋ ಎಂದು ತಿಳಿಯುವ ಮೊದಲೇ ದೇಹ ಸಿದ್ಧವಾಗಿಬಿಟ್ಟಿರುತ್ತದೆ. ಇದೇಕೆ ಹೀಗೆ ಎಂಬುದನ್ನು ಬದುಕಿನುದ್ದಕ್ಕೂ ಅಭ್ಯಸಿಸಿದವರು ಅಮೆರಿಕದ ಶರೀರ ವಿಜ್ಞಾನಿ ಡಾ. ವಾಲ್ಟರ್ ಬ್ರಾಡ್‌ಫರ್ಡ್ ಕ್ಯಾನನ್. ಮನಸ್ಸಿನ ಕಳವಳ ನಮ್ಮ ರೋಗ ನಿರೋಧಕ ಶಕ್ತಿಯನ್ನು ತಟ್ಟುವುದು ಹೇಗೆ ಎಂಬ ಇಂದಿನ ಅಧ್ಯಯನಗಳಿಗೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು.

ರೈಲ್ವೆ ಕಚೇರಿಯಿಂದ ಹಾರ್ವರ್ಡ್‌ಗೆ

ಕ್ಯಾನನ್ ಹುಟ್ಟಿದ್ದು 1871ರ ಅಕ್ಟೋಬರ್ 19ರಂದು, ವಿಸ್ಕಾನ್ಸಿನ್ ರಾಜ್ಯದ ಪ್ರೇರಿ ಡು ಶೀನ್ ಎಂಬ ನದೀತೀರದ ಊರಿನಲ್ಲಿ. ತಂದೆ ರೈಲ್ವೆ ನೌಕರರು. ತಾಯಿಯನ್ನು ಬಾಲ್ಯದಲ್ಲೇ ಕಳೆದುಕೊಂಡರು. ಹುಡುಗ ಓದಿನಲ್ಲಿ ಆಸಕ್ತಿ ತೋರುತ್ತಿಲ್ಲವೆಂದು ತಂದೆ 14ನೇ ವಯಸ್ಸಿನಲ್ಲಿ ಶಾಲೆ ಬಿಡಿಸಿ ರೈಲ್ವೆ ಕಚೇರಿಯ ಕೆಲಸಕ್ಕೆ ಹಚ್ಚಿದರು. ಎರಡು ವರ್ಷ ದುಡಿದ ಮೇಲೆ ಓದಿನ ಬೆಲೆ ತಿಳಿಯಿತು. ಶಾಲೆಗೆ ಮರಳಿದ ಕ್ಯಾನನ್ ಮೂರೇ ವರ್ಷದಲ್ಲಿ ಹೈಸ್ಕೂಲು ಮುಗಿಸಿ, ವಿದ್ಯಾರ್ಥಿವೇತನದ ನೆರವಿನಿಂದ 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು.

1896ರಲ್ಲಿ ವೈದ್ಯಕೀಯ ಓದಿಗೆ ಸೇರಿದಾಗ ಎಕ್ಸ್-ರೇ ಕಂಡುಹಿಡಿದು ಇನ್ನೂ ಒಂದು ವರ್ಷವಾಗಿತ್ತಷ್ಟೆ. ಈ ಹೊಸ ಕಿರಣದಿಂದ ಅನ್ನನಾಳ ಮತ್ತು ಜಠರದ ಚಲನೆ ನೋಡಬಹುದೇ ಎಂದು ಪ್ರಾಧ್ಯಾಪಕ ಬೌಡಿಚ್ ಅವರು ಕೇಳಿದರು. ಕ್ಯಾನನ್ ಪ್ರಾಣಿಗಳ ಆಹಾರದಲ್ಲಿ ಬಿಸ್ಮತ್ ಎಂಬ ಲೋಹದ ಲವಣ ಬೆರೆಸಿ ತಿನ್ನಿಸಿ, ಅದು ಒಳಗೆ ಇಳಿಯುವುದನ್ನು ಪರದೆಯ ಮೇಲೆ ಕಂಡರು. ಮುಂದೆ ಆಸ್ಪತ್ರೆಗಳಲ್ಲಿ ಹೊಟ್ಟೆಯ ಎಕ್ಸ್-ರೇ ತೆಗೆಯುವ ಮುನ್ನ ರೋಗಿಗೆ ಬೇರಿಯಂ ಕುಡಿಸುವ ಕ್ರಮ ಬೆಳೆದದ್ದು ಈ ಬಗೆಯ ಪ್ರಯೋಗಗಳಿಂದಲೇ.

ಆದರೆ ಅವರ ಕಣ್ಣು ಸೆಳೆದದ್ದು ಬೇರೊಂದು ಸಂಗತಿ. ಬೆಕ್ಕು ಶಾಂತವಾಗಿದ್ದಾಗ ಜಠರದಲ್ಲಿ ಅಲೆ ಅಲೆಯಾಗಿ ಚಲನೆ. ಅದೇ ಬೆಕ್ಕು ಹೆದರಿದರೆ ಅಥವಾ ಸಿಟ್ಟಾದರೆ ಚಲನೆ ತಟ್ಟನೆ ಬಂದ್! ಮನಸ್ಸಿನ ಆಂದೋಲನ ಹೊಟ್ಟೆಯ ಕೆಲಸವನ್ನೇ ನಿಲ್ಲಿಸುತ್ತದೆ ಎಂಬುದಕ್ಕೆ ಕಣ್ಣಾರೆ ಸಾಕ್ಷಿ ದೊರೆಯಿತು.

ಹೋರಾಡು, ಇಲ್ಲವೇ ಓಡು

1906ರಲ್ಲಿ ಹಾರ್ವರ್ಡ್‌ನ ಶರೀರ ವಿಜ್ಞಾನ ಪ್ರಾಧ್ಯಾಪಕರಾದ ಕ್ಯಾನನ್ 1942ರವರೆಗೆ ಅದೇ ಪೀಠದಲ್ಲಿದ್ದರು. ಬೆನ್ನುಹುರಿಯ ಎರಡೂ ಬದಿ ಸರಪಳಿಯಂತೆ ಹಬ್ಬಿರುವ ಸಿಂಪಥೆಟಿಕ್ ನರವ್ಯೂಹವೇ ಈ ಬದಲಾವಣೆಗಳ ಸೂತ್ರಧಾರ ಎಂದು ಅವರು ತೋರಿಸಿಕೊಟ್ಟರು. ಅಪಾಯ ಕಂಡಾಗ ಈ ನರಗಳು ಎದೆಬಡಿತ ಏರಿಸುತ್ತವೆ, ಜೀರ್ಣಕ್ರಿಯೆ ತಡೆಯುತ್ತವೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಸುರಿಸುತ್ತವೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ, ಗುಲ್ಮ ಕುಗ್ಗಿ ರಕ್ತಕಣಗಳನ್ನು ಹೊರಹಾಕುತ್ತದೆ. ಹೋರಾಡಲು ಇಲ್ಲವೇ ಓಡಲು ದೇಹ ತನ್ನ ಠೇವಣಿಯನ್ನು ಒಮ್ಮೆಲೇ ಹಿಂಪಡೆಯುವ ರೀತಿ ಇದು.

1913ರ ಕೊನೆಯ ಮಹತ್ವದ ಫುಟ್‌ಬಾಲ್ ಪಂದ್ಯದ ನಂತರ ಹಾರ್ವರ್ಡ್ ತಂಡದ 25 ಆಟಗಾರರ ಮೂತ್ರ ಪರೀಕ್ಷಿಸಿದಾಗ 12 ಮಂದಿಯಲ್ಲಿ ಸಕ್ಕರೆ ಕಂಡಿತು. ಅವರಲ್ಲಿ ಐವರು ಮೈದಾನಕ್ಕೆ ಇಳಿದವರೇ ಅಲ್ಲ, ಬೆಂಚಿನಲ್ಲಿ ಕುಳಿತು ಚಡಪಡಿಸಿದ ಬದಲಿ ಆಟಗಾರರು! ಓಡದೆಯೂ ದೇಹ ಓಟದ ಖರ್ಚನ್ನು ತೆತ್ತಿತ್ತು. ಇವೆಲ್ಲವನ್ನೂ ಒಳಗೊಂಡ ಅವರ ಪ್ರಸಿದ್ಧ ಗ್ರಂಥ 1915ರಲ್ಲಿ ಹೊರಬಂತು.

1917ರಲ್ಲಿ ಕ್ಯಾನನ್ ಮಹಾಯುದ್ಧದ ಫ್ರಾನ್ಸಿಗೆ ತೆರಳಿ, ಗಾಯಾಳು ಸೈನಿಕರು ಆಘಾತದಿಂದ ಕುಸಿದು ಸಾಯುವುದೇಕೆಂದು ಅಭ್ಯಸಿಸಿದರು. 1929ರಲ್ಲಿ ಅವರ ತಂಡ ಬೆಕ್ಕುಗಳ ಸಿಂಪಥೆಟಿಕ್ ನರಸರಪಳಿಯನ್ನು ಪೂರ್ತಿ ತೆಗೆದುಹಾಕಿತು. ಪ್ರಯೋಗಾಲಯದ ಬೆಚ್ಚನೆಯ ಆಶ್ರಯದಲ್ಲಿ ಅವು ಬದುಕಿದವು. ಆದರೆ ಚಳಿಗೆ ರೋಮ ನಿಮಿರಿಸಲಾರದೆ, ಮೈಬಿಸಿ ಕಾಯ್ದುಕೊಳ್ಳಲಾರದೆ ಸೋತವು. ಹೊರಗೆ ಏನೇ ಏರುಪೇರಾದರೂ ಒಳಗಿನ ಸಮತೋಲ ಕಾಯುವ ದೇಹದ ಗುಣಕ್ಕೆ ಕ್ಯಾನನ್ 'ಹೋಮಿಯೋಸ್ಟಾಸಿಸ್' ಎಂದು ಹೆಸರಿಟ್ಟರು. ಇಂದು ವೈದ್ಯ ವಿದ್ಯಾರ್ಥಿಗಳೆಲ್ಲ ಕಲಿಯುವ ಪದವಿದು.

ಕೈತಪ್ಪಿದ ಗೌರವ

ಅವರದೆಲ್ಲವೂ ಗೆಲುವೇ ಆಗಿರಲಿಲ್ಲ. ನರಗಳು ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ ಎಂಬುದರ ತೀರಾ ಸಮೀಪಕ್ಕೆ ಬಂದಿದ್ದರೂ, 1936ರ ನೊಬೆಲ್ ಪ್ರಶಸ್ತಿ ಸಂದದ್ದು ಆಟೊ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ. ಸಿಂಪಥೆಟಿಕ್ ನರಗಳ ರಾಸಾಯನಿಕದ ಬಗ್ಗೆ ಕ್ಯಾನನ್ ಮಂಡಿಸಿದ ವಾದವೂ ಮುಂದೆ ತಪ್ಪೆಂದು ತಿಳಿಯಿತು. ಅದು ನಾರ್‌ಅಡ್ರಿನಲಿನ್ ಎಂದು ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ 1946ರಲ್ಲಿ ತೋರಿಸಿದರು. ಅದನ್ನು ಕಾಣಲು ಕ್ಯಾನನ್ ಉಳಿದಿರಲಿಲ್ಲ. ಕೀರ್ತಿ ತಂದ ಎಕ್ಸ್-ರೇ ಅವರ ಚರ್ಮವನ್ನು ಸುಟ್ಟಿತ್ತು. ಕೊನೆಯ ವರ್ಷಗಳಲ್ಲಿ ದೀರ್ಘ ಚರ್ಮವ್ಯಾಧಿಯಿಂದ ನರಳಿ 1945ರ ಅಕ್ಟೋಬರ್ 1ರಂದು ನಿಧನರಾದರು. ಪತ್ನಿ ಕಾರ್ನೀಲಿಯಾ, ಓರ್ವ ಪುತ್ರ ಮತ್ತು ನಾಲ್ವರು ಪುತ್ರಿಯರ ತುಂಬು ಸಂಸಾರ ಅವರದು. 1901ರಲ್ಲಿ ನವದಂಪತಿಗಳು ಜೊತೆಯಾಗಿ ಏರಿದ ಮೊಂಟಾನಾದ ಶಿಖರಕ್ಕೆ ಇಂದಿಗೂ ಮೌಂಟ್ ಕ್ಯಾನನ್ ಎಂದೇ ಹೆಸರು.

ಮುಂದುವರಿದ ಎಳೆ

ಅವರು ಬಿಟ್ಟುಹೋದ ಎಳೆಯನ್ನು ಮುಂದಿನವರು ಹಿಡಿದರು. 1980ರ ದಶಕದ ಆರಂಭದಲ್ಲಿ ಡೇವಿಡ್ ಫೆಲ್ಟನ್ ಮತ್ತು ಸಂಗಡಿಗರು ಸಿಂಪಥೆಟಿಕ್ ನರಗಳ ತುದಿಗಳು ಗುಲ್ಮ ಮತ್ತು ದುಗ್ಧಗ್ರಂಥಿಗಳಲ್ಲಿ ರೋಗ ನಿರೋಧಕ ಕಣಗಳ ಪಕ್ಕಕ್ಕೇ ತಲುಪುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆ ಬಿಳಿ ರಕ್ತಕಣಗಳ ಮೈಮೇಲೆ ನಾರ್‌ಅಡ್ರಿನಲಿನ್ ಸಂದೇಶವನ್ನು ಸ್ವೀಕರಿಸುವ ಗ್ರಾಹಕಗಳೂ ಇವೆ. ಅರ್ಥಾತ್, ಎದೆಗೆ ಹೋಗುವ ಸುದ್ದಿಯೇ ದೇಹದ ಕಾವಲುಗಾರರಿಗೂ ಹೋಗುತ್ತದೆ.

ಗಾಬರಿ ಕೆಲವೇ ನಿಮಿಷಗಳದ್ದಾದರೆ ಇದರಿಂದ ಲಾಭವೇ. ಸೋಂಕಿನ ವಿರುದ್ಧ ಸೆಣಸುವ ಕಣಗಳು ಹೆಚ್ಚಿನ ಸಂಖ್ಯೆಯಲ್ಲಿ ರಕ್ತಕ್ಕೆ ಇಳಿಯುತ್ತವೆ. ಗಾಬರಿ ತಿಂಗಳುಗಟ್ಟಲೆ ಆರದಿದ್ದರೆ ಲೆಕ್ಕ ತಿರುಗುಮುರುಗು. ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳೂ ಸೇರಿಕೊಂಡು ಕಾವಲು ಸಡಿಲವಾಗುತ್ತದೆ. 1995ರಲ್ಲಿ ಅಮೆರಿಕದ ಓಹಿಯೋ ರಾಜ್ಯದಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ ಮಾಡಿದ ಪುಟ್ಟ ಗಾಯ ಮಾಯಲು, ಅಂಥ ಹೊರೆಯಿಲ್ಲದ ಸಮವಯಸ್ಕರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು.

ನಮ್ಮ ಮನೆಗಳಲ್ಲೂ ಹಾಸಿಗೆ ಹಿಡಿದ ಹಿರಿಯರ ಆರೋಗ್ಯವನ್ನು ಬಂದವರೆಲ್ಲ ವಿಚಾರಿಸುತ್ತಾರೆ. ಪಕ್ಕದಲ್ಲಿ ನಿದ್ದೆಗೆಟ್ಟು ನಿಂತ ಮಗಳು ಅಥವಾ ಸೊಸೆಯನ್ನು ವಿಚಾರಿಸುವವರು ಕಡಿಮೆ. ಅವರ ದೇಹವೂ ಬೆಂಚಿನಲ್ಲಿ ಕುಳಿತ ಆ ಆಟಗಾರರಂತೆ ಸದ್ದಿಲ್ಲದೆ ಖರ್ಚಾಗುತ್ತಿರುತ್ತದೆ. ಒಂದು ರಾತ್ರಿ ಅವರ ಸರದಿಯನ್ನು ಇನ್ನೊಬ್ಬರು ವಹಿಸಿಕೊಂಡರೆ, ಅದೂ ಒಂದು ಔಷಧಿಯೇ.