ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಎಲ್ಲರಿಗೂ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದ ನನ್ನನ್ನು ಕಾಡುವುದು ಭದ್ರಾವತಿ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿ, ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರಾಗಿ ದುಡಿದು, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರಾದರು. ಆ ವರ್ಷವಷ್ಟೇ ಉತ್ಪಾದನೆ ಆರಂಭಿಸಿದ್ದ ಕಾರ್ಖಾನೆ ಆಗಲೇ ನಷ್ಟದಲ್ಲಿತ್ತು. ಮಹಾಯುದ್ಧದ ನಂತರ ಕಚ್ಚಾ ಕಬ್ಬಿಣದ ಬೆಲೆ ಕುಸಿದಿತ್ತು.

ಬೆಲೆ ಅವರ ಕೈಯಲ್ಲಿರಲಿಲ್ಲ, ವೆಚ್ಚವಿತ್ತು. ಕೆಮ್ಮಣ್ಣುಗುಂಡಿಯ ಅದಿರನ್ನು ಕಟ್ಟಿಗೆಯ ಇದ್ದಿಲಿನಿಂದ ಕರಗಿಸುವ ವಿದ್ಯೆ ದುಬಾರಿ ಸಂಬಳದ ವಿದೇಶಿ ತಜ್ಞರ ಬಳಿಯಿತ್ತು. (ಅದಕ್ಕಾಗಿ ಮಲೆನಾಡಿನ ಕಾಡು ತೆತ್ತ ಬೆಲೆಯ ಲೆಕ್ಕ ಬೇರೆಯೇ.) ಆ ವಿದ್ಯೆ ತಜ್ಞರೊಡನೆ ಹಡಗು ಹತ್ತಿ ಹೋಗದಂತೆ ವಿಶ್ವೇಶ್ವರಯ್ಯನವರು ನೋಡಿಕೊಂಡರು. ಮೈಸೂರಿನ ಎಂಜಿನಿಯರುಗಳು ಅದನ್ನು ಕಲಿತು, ಕ್ರಮೇಣ ತಜ್ಞರ ಸ್ಥಾನಗಳಿಗೇ ಬಂದರು. ನಾನು ಮುಖ್ಯಸ್ಥನಾಗಿದ್ದ ಕಚೇರಿಯೊಂದರಲ್ಲಿ ಸಲಹೆಗಾರರು ನಿರ್ಗಮಿಸಿದ ಮೇಲೆ, ಅವರು ರೂಪಿಸಿದ್ದ ಲೆಕ್ಕಪತ್ರ ಪದ್ಧತಿಯನ್ನು ವಿವರಿಸಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಯಾರಿಗಾದರೂ ಕಲಿಸಿಕೊಡಿ ಎಂದು ನಾನು ಅವರನ್ನು ಕೇಳಿರಲೇ ಇಲ್ಲ.

ಅವರು ಸುಲಭದ ಮೇಲಧಿಕಾರಿಯಾಗಿರಲಿಲ್ಲ. ಸಮಯಪಾಲನೆಯಲ್ಲಿ, ಕೆಲಸದ ಅಚ್ಚುಕಟ್ಟಿನಲ್ಲಿ ರಿಯಾಯಿತಿ ಕೊಡುತ್ತಿರಲಿಲ್ಲ, ತಮಗೂ ಕೊಟ್ಟುಕೊಳ್ಳುತ್ತಿರಲಿಲ್ಲ. ಆ ಬಿಗಿಯನ್ನು ಕೆಳಗಿನವರು ಸಹಿಸಿದ್ದು ಇದರಿಂದಲೇ ಎಂದು ನನ್ನ ಊಹೆ. 1929ರಲ್ಲಿ ಅವರು ಅಧ್ಯಕ್ಷ ಸ್ಥಾನ ಬಿಟ್ಟ ಮೇಲೂ ಕಾರ್ಖಾನೆ ನಿಲ್ಲಲಿಲ್ಲ. ಅಲ್ಲಿನ ದುಡಿಮೆಗಾಗಿ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ವೃತ್ತಿಶಿಕ್ಷಣಕ್ಕೆ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಗೆ ಆ ಹಣ ಸಂದಿತು.