ಸೆರೆಮನೆಯ ಸಂಪಾದಕ

ಪತ್ರಿಕೆಗಳಿಂದ ಕನ್ನಡ ಗದ್ಯಕ್ಕಾದ ಉಪಕಾರವನ್ನು ಕುರಿತು ಪಾಠ ಹೇಳುವಾಗ ನಾನು ಕಲ್ಕತ್ತೆಯ ಜೇಮ್ಸ್ ಅಗಸ್ಟಸ್ ಹಿಕ್ಕಿಯಿಂದ ಆರಂಭಿಸುವುದು ವಾಡಿಕೆ. ಭಾರತದಲ್ಲಿ ಅಚ್ಚಾದ ಮೊದಲ ವೃತ್ತಪತ್ರಿಕೆ ಆತನದು. ಈಚೆಗೆ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ಪರರ ಮನೆಯ ಮಾತನ್ನು ಬೀದಿಗೆಳೆದು ನಕ್ಕವನನ್ನು ನಾವೇಕೆ ಗೌರವಿಸಬೇಕೆಂದು ಕೇಳಿದನು. ಪ್ರಶ್ನೆ ನ್ಯಾಯವಾದುದೇ. ಅಷ್ಟರಲ್ಲಿ ಗಂಟೆ ಬಾರಿಸಿತು. ಉತ್ತರ ನನ್ನಲ್ಲಿಯೇ ಉಳಿಯಿತು.

ಐರ್ಲೆಂಡಿನವನಾದ ಹಿಕ್ಕಿ 1772ರಲ್ಲಿ ಹಡಗಿನ ವೈದ್ಯನ ಸಹಾಯಕನಾಗಿ ಕಲ್ಕತ್ತೆಗೆ ಬಂದನು. ಕೆಲಕಾಲ ವೈದ್ಯವೃತ್ತಿ ನಡೆಸಿ, ಹಡಗು ವ್ಯಾಪಾರಕ್ಕೂ ಕೈಹಾಕಿದನು. ಸರಕು ಹಾಳಾಗಿ ಸಾಲ ಕೊರಳಿಗೆ ಬಂದಿತು. 1776ರಲ್ಲಿ ಸೆರೆಮನೆ ಸೇರಿದನು. ಅಲ್ಲಿಯೇ ಮುದ್ರಣಯಂತ್ರವೊಂದನ್ನು ಹೊಂದಿಸಿಕೊಂಡು ಅಚ್ಚಿನ ಕೆಲಸ ಹಿಡಿದನು. ಬಿಡುಗಡೆಯಾದ ಬಳಿಕ ಕಂಪನಿಯ ಸೇನೆಯ ನಿಯಮಾವಳಿಯನ್ನು ಮುದ್ರಿಸುವ ಕೆಲಸ ದೊರೆಯಿತು. ಹಣ ಮಾತ್ರ ಸಕಾಲಕ್ಕೆ ಕೈಸೇರಲಿಲ್ಲ. 1780ರ ಜನವರಿ 29ರ ಶನಿವಾರ ಆತನ ‘ಬೆಂಗಾಲ್ ಗೆಜೆಟ್’ ಹೊರಬಿದ್ದಿತು.

ಆಗ ಗೌರ್ನರ್ ಜನರಲ್ ಆಗಿದ್ದವನು ವಾರನ್ ಹೇಸ್ಟಿಂಗ್ಸ್. ಮುಖ್ಯ ನ್ಯಾಯಾಧೀಶನು ಎಲೈಜಾ ಇಂಪೆ. ಹೇಸ್ಟಿಂಗ್ಸನು ಲಂಚ ಪಡೆದನೆಂದು ದೂರಿದ ಮಹಾರಾಜ ನಂದಕುಮಾರನು ಕೃತ್ರಿಮ ಪತ್ರದ ಆಪಾದನೆಗೆ ಗುರಿಯಾಗಿ, ಇಂಪೆಯ ನ್ಯಾಯಾಲಯದ ತೀರ್ಪಿನಂತೆ 1775ರಲ್ಲಿ ಗಲ್ಲಿಗೇರಿ ಐದು ವರ್ಷವೂ ಸಂದಿರಲಿಲ್ಲ. ಊರಿನಲ್ಲಿ ಬಾಯಿ ತೆರೆಯುವವರು ವಿರಳ. ಹಿಕ್ಕಿ ತೆರೆದನು. ಕಂಪನಿಯ ಅಧಿಕಾರಿಗಳ ಲಂಚ, ಹೇಸ್ಟಿಂಗ್ಸನ ಯುದ್ಧದಾಹ, ಒಡ್ಡು-ಸೇತುವೆಗಳ ಗುತ್ತಿಗೆ ಇಂಪೆಯ ಬಂಧುವಿಗೆ ಸಂದ ಬಗೆ ಎಲ್ಲವೂ ವಾರವಾರವೂ ಅಚ್ಚಾಗತೊಡಗಿದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ನಮ್ಮ ಹೈದರಾಲಿಯ ಸೇನೆ ಬೈಲಿಯ ದಂಡನ್ನು ಮುರಿದಿತ್ತು. ಯುದ್ಧದ ಸುದ್ದಿಗೂ ಪತ್ರಿಕೆ ಎಡೆಗೊಟ್ಟಿತು.

ಹಿಕ್ಕಿಯ ಲೇಖನಿಗೆ ಸಂಯಮವಿರಲಿಲ್ಲವೆಂಬುದು ದಿಟ. ಅಡ್ಡಹೆಸರು, ಚುಚ್ಚುಮಾತು, ಹೆಂಗಸರ ವಿಷಯದಲ್ಲಿ ಹಗುರವಾದ ನುಡಿ ಇವೂ ಅಲ್ಲಿದ್ದವು. ಹೇಸ್ಟಿಂಗ್ಸನ ಪತ್ನಿಯ ಹೆಸರನ್ನೂ ಎಳೆದುದಾಯಿತು. 1780ರ ನವೆಂಬರ್ 14ರಂದು ಸರ್ಕಾರವು ಪತ್ರಿಕೆಗೆ ಅಂಚೆಯ ಬಾಗಿಲನ್ನು ಮುಚ್ಚಿತು. ಹಿಕ್ಕಿ ತನ್ನ ಹರಕಾರರ ಕೈಯಲ್ಲಿ ಊರೆಲ್ಲ ಹಂಚಿಸಿದನು.

1781ರ ಜೂನಿನಲ್ಲಿ ಬಂಧನವಾಯಿತು. ಕೇಳಿದ ಜಾಮೀನು 80,000 ರೂಪಾಯಿ; ಸಾಲಗಾರನು ಅದನ್ನೆಲ್ಲಿಂದ ತಂದಾನು? ಯಾರನ್ನು ಪತ್ರಿಕೆ ಕೆಣಕಿತ್ತೋ ಆ ಇಂಪೆಯೇ ಪೀಠದ ಮೇಲಿದ್ದನು. ಶಿಕ್ಷೆಯಾಯಿತು, ದಂಡವೂ ಬಿದ್ದಿತು. ಆದರೂ ಸೆರೆಮನೆಯಿಂದಲೇ ತಿಂಗಳುಗಟ್ಟಲೆ ಪತ್ರಿಕೆ ಹೊರಡುತ್ತಲೇ ಇತ್ತು. ಕಡೆಗೆ 1782ರ ಮಾರ್ಚಿನಲ್ಲಿ ನ್ಯಾಯಾಲಯದ ಆಜ್ಞೆಯಂತೆ ಅಚ್ಚಿನ ಮೊಳೆಗಳನ್ನು ಜಪ್ತಿಮಾಡಿದ ಮೇಲೆಯೇ ಅದು ನಿಂತಿತು.

ಮುಂದಿನದನ್ನು ಗಮನಿಸಬೇಕು. ಹೇಸ್ಟಿಂಗ್ಸನ ಕೈಯಿಂದ ಸದರ್ ದಿವಾನಿ ಅದಾಲತ್ತಿನ ಅಧಿಕಾರವನ್ನು ಇಂಪೆ ಪಡೆದುದು ಹಿಕ್ಕಿಯ ಕಣ್ಣಿಗೆ ಲಂಚವಾಗಿ ಕಂಡಿತ್ತು. ಅದೇ 1782ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯು ಅದೇ ಕಾರಣಕ್ಕಾಗಿ ಇಂಪೆಯನ್ನು ಹಿಂದಕ್ಕೆ ಕರೆಯಿಸಬೇಕೆಂದು ನಿರ್ಣಯಿಸಿತು. ಹೇಸ್ಟಿಂಗ್ಸನ ವಿಚಾರಣೆ 1788ರಲ್ಲಿ ಮೊದಲಾಗಿ ಏಳು ವರ್ಷ ನಡೆಯಿತು. ಕೊನೆಗೆ ಆತನು ನಿರ್ದೋಷಿಯೆನಿಸಿದನು. ಹಿಕ್ಕಿ 1784ರ ಕೊನೆಯಲ್ಲಿ ಬಿಡುಗಡೆ ಹೊಂದಿದರೂ ಮತ್ತೆ ತಲೆಯೆತ್ತಲಿಲ್ಲ. ಬಡತನದಲ್ಲಿ ಬಾಳಿ, 1802ರಲ್ಲಿ ಚೀನಾಕ್ಕೆ ಹೊರಟ ಹಡಗಿನಲ್ಲಿ ತೀರಿಕೊಂಡನು. ಆತನ ಪತ್ರಿಕೆಯ ಕೆಲವೇ ಅಪೂರ್ಣ ಸಂಪುಟಗಳು ಗ್ರಂಥಾಲಯಗಳಲ್ಲಿ ಉಳಿದಿವೆ.

ಆ ವಿದ್ಯಾರ್ಥಿಗೆ ಈಗ ಇಷ್ಟು ಹೇಳಬಲ್ಲೆ. ಹಿಕ್ಕಿಯ ಬೈಗುಳವನ್ನು ನಾವು ಗೌರವಿಸಬೇಕಾಗಿಲ್ಲ. ಅದು ಆತನ ದೋಷವೇ, ಶತ್ರುಗಳಿಗೆ ನೆಪವಾದುದೂ ಅದೇ. ಆದರೆ ಅವನಿಗಿಂತ ಸಭ್ಯರೂ ಸುಶಿಕ್ಷಿತರೂ ಆದವರು ಆ ನಗರದಲ್ಲಿ ಹಲವರಿದ್ದರು. ಗುತ್ತಿಗೆಯ ಸಂಗತಿ ಅವರಿಗೂ ತಿಳಿದಿತ್ತು. ಅದನ್ನು ಹೆಸರುಹಿಡಿದು ಅಚ್ಚಿಗೆ ಕೊಟ್ಟವನು ಈ ಸಾಲಗಾರನೊಬ್ಬನೇ.